ಹಗಲು ಕರೆಂಟು ಬೇಕು ಕಣೇ

ಪ್ರೀತಿಯ ತಂಗೀ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ "ತ್ರೀಫೇಸ್ ಇನ್ನೂ ಬಂದಿಲ್ಲ ಅಕ್ಕಾ, ಕಾಯ್ತಾ ಇದೀನಿ" ಎಂದು ಮೆಸೇಜು ಹಾಕುವವಳು ಎಷ್ಟು ಚೆನ್ನಾಗಿರುತ್ತಾಳೆ ಎಂಬುದು ನನಗೆ ಗೊತ್ತು. ಚಿಕ್ಕಮ್ಮನಿಗೂ ಗೊತ್ತು. ನೀನು ಟಾರ್ಚು ಹಿಡಿದು ಹೊರಟ ಮೇಲೆ ಅವರಿಗೆ ಕಣ್ಣು ಹತ್ತುವುದಿಲ್ಲವಂತೆ. ಗೇಟಿನ ಸದ್ದಾಗುವವರೆಗೂ ಹಾಗೇ ಬಿದ್ದುಕೊಂಡಿರುತ್ತಾರಂತೆ. ನಿನಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹೇಳಿದರು. ನಾನು ಹೇಳಿಬಿಟ್ಟೆ. ಬೈಯುವುದಿದ್ದರೆ ನನ್ನನ್ನು ಬೈ, ಅವರನ್ನು ಬೈಯಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಕಡಲೆಕಾಯಿ ಬಂತು. ನಿನ್ನ ಭಾವ ಅದನ್ನು ಬೇಯಿಸಿ ತಿನ್ನುತ್ತಾ, "ಇಂಜಿನಿಯರಿಂಗ್ ಓದಿದವಳು ಬೆಳೆದದ್ದಕ್ಕೆ ರುಚಿ ಜಾಸ್ತಿ" ಎಂದರು. ಹುಡುಗರಿಗೆ ನಿನ್ನದೇ ಜಪ. ರಜೆಗೆ ಬರುತ್ತಾರಂತೆ, ಟ್ರ್ಯಾಕ್ಟರ್ ಓಡಿಸಬೇಕಂತೆ. ನೀನೇ ಇನ್ನೂ ಟ್ರ್ಯಾಕ್ಟರನ್ನು ರಿವರ್ಸ್ ತೆಗೆಯುವಾಗ ಊರನ್ನೆಲ್ಲ ಸಹಾಯಕ್ಕೆ ಕರೆಯುತ್ತೀಯ ಎಂಬ ಸಂಗತಿಯನ್ನು ಅವರಿಗೆ ಹೇಳಿಲ್ಲ. ನಿನ್ನ ಮರ್ಯಾದೆ ಉಳಿಸಿದ್ದೇನೆ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. "ಸೋಲಾರ್ ಪಂಪು ಹಾಕಿಸಲಾ, ಬೇಡವಾ? ಸರ್ಕಾರ ಕೊಡುತ್ತೆ ಅಂತಾರೆ, ನಿಜವಾ?" ಎಂದು ಬರೆದಿದ್ದೀಯ. ನಿಜ ಕಣೇ, ಕೊಡುತ್ತದೆ. ಆದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಅಲ್ಲ, ಎಲ್ಲ ಹೊಲಕ್ಕೂ ಒಂದೇ ಬಗೆಯದೂ ಹೊಂದುವುದಿಲ್ಲ. ಪಕ್ಕದ ಮನೆಯವರು ಹಾಕಿಸಿದರು ಎಂದು ಹಾಕಿಸುವ ವಸ್ತುವಲ್ಲ ಇದು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಹೊಲದಿಂದ ಬಂದು ಕಾಲು ತೊಳೆದುಕೊಂಡು ನಿಧಾನವಾಗಿ ಓದು.

ಮೊದಲು ಈ ರಾತ್ರಿ ಕರೆಂಟಿನ ಕಥೆ ತಿಳಿದುಕೊ. ನಮ್ಮ ರಾಜ್ಯದಲ್ಲಿ 2008ರಿಂದ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಆ ದುಡ್ಡನ್ನು ಸರ್ಕಾರವೇ ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳಿಗೆ ತುಂಬಿಕೊಡುತ್ತದೆ, ವರ್ಷ ವರ್ಷವೂ ಸಾವಿರಾರು ಕೋಟಿ. ರಾಜ್ಯದಲ್ಲಿ ಪಂಪ್‌ಸೆಟ್ಟುಗಳೇ 30 ಲಕ್ಷಕ್ಕೂ ಮೇಲಿವೆ. ಇಷ್ಟು ಮೋಟರುಗಳನ್ನು ಒಟ್ಟಿಗೆ ಓಡಿಸಿದರೆ ಯಾವ ಲೈನೂ ತಡೆಯುವುದಿಲ್ಲ. ಪಟ್ಟಣಗಳಲ್ಲಿ ಬೆಳಿಗ್ಗೆ ಗೀಸರು, ಕಾರ್ಖಾನೆ, ಸಂಜೆ ದೀಪ, ಟಿ.ವಿ. ಅಲ್ಲಿನ ಬೇಡಿಕೆ ಇಳಿದ ಹೊತ್ತಿಗೆ ಉಳಿದದ್ದನ್ನು ಬ್ಯಾಚು ಮಾಡಿ ಹಳ್ಳಿಗೆ ಹಂಚುವುದು ರೂಢಿಯಾಯಿತು. ದಿನಕ್ಕೆ 7 ತಾಸು ತ್ರೀಫೇಸ್ ಎನ್ನುವ ಲೆಕ್ಕದಲ್ಲಿ ನಿನ್ನ ಪಾಲಿಗೆ ಬಂದದ್ದು ನಡುರಾತ್ರಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಮಾಡಿದ ಮೇಲೆ ಮನೆಗಳ ದೀಪದ ಗೋಳು ತಕ್ಕಮಟ್ಟಿಗೆ ತಪ್ಪಿತು. ಹೊಲದ ಗೋಳು ತಪ್ಪಲಿಲ್ಲ.

ಬಿಲ್ಲಿಲ್ಲದ ಕರೆಂಟಿಗೆ ಬೆಲೆಯೇ ಇಲ್ಲ ಎಂದುಕೊಳ್ಳುತ್ತೇವೆ. ಆ ಬೆಲೆಯನ್ನು ನೀನು ಬೇರೆ ರೀತಿಯಲ್ಲಿ ತೆರುತ್ತಿದ್ದೀಯ. ನಿದ್ದೆಗೆಟ್ಟು ತೆರುತ್ತೀಯ. ಬದುವಿನ ಮೇಲೆ ಹಾವು ಅಡ್ಡ ಬಂದೀತೆಂಬ ಭಯದಲ್ಲಿ ತೆರುತ್ತೀಯ. ವೋಲ್ಟೇಜು ಇಳಿದು ಮೋಟರಿನ ಕಾಯಿಲು ಸುಟ್ಟಾಗ ರೀವೈಂಡಿಂಗ್ ಅಂಗಡಿಯಲ್ಲಿ ತೆರುತ್ತೀಯ. ಹೋದ ಬೇಸಿಗೆಯಲ್ಲಿ ನಿಮ್ಮ ಟ್ರಾನ್ಸ್‌ಫಾರ್ಮರು, ಅದೇ ಟಿ.ಸಿ., ಸುಟ್ಟಾಗ ನೀನು ಅತ್ತದ್ದು ನನಗೆ ನೆನಪಿದೆ. ಅದು ಯಾಕೆ ಸುಡುತ್ತದೆ ನೋಡು. ಯಾರಿಗೂ ರಾತ್ರಿ ಎದ್ದು ಹೋಗುವ ಮನಸ್ಸಿಲ್ಲ, ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರು ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದ ಗಳಿಗೆಯಲ್ಲಿ ಆ ಒಂದು ಟಿ.ಸಿ. ಮೇಲಿನ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತವೆ. ಮೋಟರು ಓಡುವಾಗ ಎಳೆಯುವ ಕರೆಂಟಿಗಿಂತ ಏಳುವಾಗ ಎಳೆಯುವುದು ಐದಾರು ಪಟ್ಟು ಹೆಚ್ಚು. ಹತ್ತು ಮೋಟರು ಒಮ್ಮೆಗೇ ಎದ್ದರೆ ಟಿ.ಸಿ. ಒಳಗಿನ ಎಣ್ಣೆ ಕಾಯುತ್ತದೆ, ಫ್ಯೂಸು ಹಾರುತ್ತದೆ, ಯಾರೋ ದಪ್ಪ ತಂತಿ ಸುತ್ತಿ ಮತ್ತೆ ಹಾಕುತ್ತಾರೆ, ಮುಂದಿನ ಸಲ ಟಿ.ಸಿ.ಯೇ ಹೋಗುತ್ತದೆ. ಆಮೇಲೆ ಹೊಸದು ಬರುವವರೆಗೆ ಬೆಳೆ ಒಣಗುವುದನ್ನು ನೋಡುತ್ತಾ ಕೂರಬೇಕು. ಯಾರ ಮೇಲೂ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಲೈನ್‌ಮ್ಯಾನ್ ಕೂಡ ನಿನ್ನ ಹಾಗೇ ನಿದ್ದೆಗೆಟ್ಟವನು.

ಈಗ ಕಾಲ ಬದಲಾಗಿದೆ ಕಣೇ, ನನಗೆ ಆಸೆ ಹುಟ್ಟಿಸಿದ್ದೂ ಇದೇ. ಬಿಸಿಲಿನ ಕರೆಂಟು ಹೆಚ್ಚಿದ ಮೇಲೆ ಹಗಲೇ ಕರೆಂಟು ಸಮೃದ್ಧವಾಗಿರುವ ಹೊತ್ತು. ನಮ್ಮ ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡು. ತಿರುಮಣಿ, ವಳ್ಳೂರು ಕಡೆ ಐದು ಊರುಗಳ 13,000 ಎಕರೆಯಷ್ಟು ನೆಲದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ನಿಂತಿದೆ. 2018ರಲ್ಲಿ ಶುರುವಾಗಿ ಮರುವರ್ಷದ ಕೊನೆಗೆ ಪೂರ್ತಿಯಾಯಿತು. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮಳೆ ಕೈಕೊಡುವ ಆ ಸೀಮೆಯಲ್ಲಿ ವರ್ಷಕ್ಕೊಮ್ಮೆ ನಿಗದಿ ಹಣ ಕೈಗೆ ಬರುವುದೆಂದರೆ ಸಣ್ಣ ಮಾತಲ್ಲ. ಆದರೆ ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಲೈನು ಹತ್ತಿ ಎತ್ತಲೋ ಹೋಗುತ್ತದೆ. ನಿನಗೆ ಬೇಕಾದದ್ದು ನಿನ್ನ ಹೊಲದ ಹತ್ತಿರವೇ ಹುಟ್ಟಿ ನಿನ್ನ ಹೊಲದಲ್ಲೇ ಮುಗಿಯುವ ಕರೆಂಟು. ಕೇಂದ್ರ ಸರ್ಕಾರ 2019ರಲ್ಲಿ ತಂದ ಪಿಎಂ ಕುಸುಮ್ ಯೋಜನೆ ಇರುವುದು ಅದಕ್ಕೇ.

ಅದರಲ್ಲಿ ಎ, ಬಿ, ಸಿ ಎಂದು ಮೂರು ಕವಲಿವೆ. 'ಎ' ನಿನಗೆ ಬೇಡ. ಅದು ಪಾಳು ಬಿದ್ದ ಜಮೀನಿನಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಸೋಲಾರ್ ಘಟಕ ಹಾಕಿ ಕರೆಂಟು ಮಾರುವವರಿಗೆ. ಒಂದು ಮೆಗಾವ್ಯಾಟಿಗೆ ನಾಲ್ಕು ಎಕರೆ ಬೇಕು, ಕೋಟಿಗಟ್ಟಲೆ ಬಂಡವಾಳ ಬೇಕು. ಊರಿನ ಹತ್ತು ಜನ ಸೇರಿ ಸಂಘ ಕಟ್ಟಿದರೆ ಆಗಬಹುದು. ಅದನ್ನು ನೀನು ಗ್ರಾಮ ಪಂಚಾಯಿತಿಗೆ ನಿಲ್ಲುವ ವರ್ಷ ನೋಡೋಣ.

ನಿನ್ನ ಲೆಕ್ಕಕ್ಕೆ ಬರುವುದು 'ಬಿ' ಮತ್ತು 'ಸಿ'. ನಿನಗೆ ಎರಡು ಕಡೆ ಹೊಲ ಇದೆಯಲ್ಲ, ಎರಡಕ್ಕೂ ಬೇರೆ ಬೇರೆ ಉತ್ತರ.

ಊರ ಮುಂದಿನ ತೋಟಕ್ಕೆ ಚಿಕ್ಕಪ್ಪನ ಕಾಲದ ಕರೆಂಟು ಸಂಪರ್ಕದ ಆರ್.ಆರ್. ನಂಬರಿದೆ, ಲೈನಿದೆ, ಬೋರೂ ಬಹಳ ಆಳ. ಅಲ್ಲಿ ಪ್ಯಾನೆಲ್ಲಿಗೆ ಕೈ ಹಾಕಬೇಡ. ಆ ಆಳದಿಂದ ನೀರೆತ್ತಲು ದೊಡ್ಡ ಮೋಟರು ಬೇಕು. ಕೇಂದ್ರದ ಸಹಾಯಧನದ ಲೆಕ್ಕ 7.5 ಎಚ್‌ಪಿಗೆ ನಿಲ್ಲುತ್ತದೆ, ಅದಕ್ಕೆ ಮೇಲಿನದರ ಭಾರ ನಿನ್ನ ಮೇಲೆಯೇ ಬೀಳುತ್ತದೆ. ಆ ತೋಟಕ್ಕೆ ಒಗ್ಗುವುದು 'ಸಿ', ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟು ತರುವ ಫೀಡರ್ ಲೈನನ್ನೇ ಸೋಲಾರ್ ಮಾಡುವುದು. ಸಬ್‌ಸ್ಟೇಷನ್ನಿನ ಹತ್ತಿರ ಸರ್ಕಾರಿ ಜಮೀನೋ ಗುತ್ತಿಗೆ ಜಮೀನೋ ಹಿಡಿದು ಕಂಪನಿಯೊಂದು ಘಟಕ ಹಾಕುತ್ತದೆ. ಪ್ರತಿ ಮೆಗಾವ್ಯಾಟಿಗೆ 1.05 ಕೋಟಿ ರೂಪಾಯಿಯವರೆಗೆ ಕೇಂದ್ರದ ನೆರವಿದೆ. ಅಲ್ಲಿಂದ ಕರೆಂಟು ನೇರ ನಿಮ್ಮ ಪಂಪ್‌ಸೆಟ್ ಫೀಡರಿಗೆ, ಅದೂ ಹಗಲಿನಲ್ಲಿ. ನಿನ್ನ ಮೋಟರು, ಸ್ಟಾರ್ಟರು ಏನೂ ಬದಲಾಗುವುದಿಲ್ಲ, ನಿನ್ನ ಕೈಯಿಂದ ಒಂದು ರೂಪಾಯಿ ಹೋಗುವುದಿಲ್ಲ. ದೂರದಿಂದ ತರುವ ಕರೆಂಟು ದಾರಿಯಲ್ಲಿ ಸೋರಿಹೋಗುವುದು ಕಡಿಮೆಯಾಗಿ, ಫೀಡರಿನ ಕೊನೆಯಲ್ಲಿರುವ ನಿಮ್ಮಂಥವರಿಗೆ ವೋಲ್ಟೇಜು ಸುಧಾರಿಸುತ್ತದೆ. ಸರ್ಕಾರಕ್ಕೂ ಇದರಲ್ಲಿ ಲಾಭ, ಸಬ್ಸಿಡಿಯ ಹೊರೆ ಇಳಿಯುತ್ತದೆ. ಗೌರಿಬಿದನೂರಿನ ಕಡೆ ಇಂಥ ಘಟಕ ಈಗಾಗಲೇ ಕೆಲಸ ಶುರುಮಾಡಿದೆ.

ನಿಮ್ಮ ಸಬ್‌ಸ್ಟೇಷನ್ನು ಪಟ್ಟಿಯಲ್ಲಿದೆಯೇ ಎಂದು ಸೆಕ್ಷನ್ ಆಫೀಸಿಗೆ ಹೋಗಿ ಕೇಳು. ಇಲ್ಲದಿದ್ದರೆ ಊರವರ ಸಹಿ ಹಾಕಿಸಿ ಅರ್ಜಿ ಕೊಡು. ಗೋಮಾಳವೋ ಸರ್ಕಾರಿ ಬೀಳು ನೆಲವೋ ಹತ್ತಿರದಲ್ಲಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆ. ಆದರೆ ದನ ಕುರಿ ಮೇಯಿಸುವವರನ್ನು ಕೇಳದೆ ಬರೆಯಬೇಡ ಮಹರಾಯ್ತಿ. ನಿನಗೆ ಹಗಲು ನೀರು ಸಿಗುವುದಕ್ಕೆ ಅವರ ಮೇವು ಹೋಗಬಾರದು.

ಇನ್ನು ಕೆರೆಯಾಚೆಯ ಹೊಲ. ಅಲ್ಲಿ ಲೈನಿಲ್ಲ, ಕಂಬ ಎಳೆಸಬೇಕೆಂದರೆ ಬಲು ದೂರ. ನೀರು ಮೇಲೆಯೇ ಇದೆ ಅಂದೆ. ಆ ಹೊಲಕ್ಕೆ 'ಬಿ' ಹೇಳಿ ಮಾಡಿಸಿದ್ದು. ಈಗ ರಾಜ್ಯದ ನೀತಿಯೂ ಅದೇ: ಲೈನಿನಿಂದ 500 ಮೀಟರಿನೊಳಗಿದ್ದರೆ ಗ್ರಿಡ್ ಸಂಪರ್ಕ, ಅದಕ್ಕೂ ಆಚೆಯಿದ್ದರೆ ಸೋಲಾರ್ ಪಂಪು. ಕೇಂದ್ರದ್ದು ಶೇ 30. ರಾಜ್ಯದ ಪಾಲು ಮೊದಲು ಶೇ 30 ಇದ್ದದ್ದನ್ನು ಶೇ 50ಕ್ಕೆ ಏರಿಸಿದ್ದಾರೆ. ನೀನು ಹಾಕಬೇಕಾದದ್ದು ಉಳಿದ ಶೇ 20. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡಲ್‌ನವರ ಸೌರಮಿತ್ರ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎತ್ತಿಟ್ಟುಕೊ. ಪಹಣಿಯಲ್ಲಿ ಇನ್ನೂ ಚಿಕ್ಕಪ್ಪನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸು. ಇದನ್ನು ಮುಂದೂಡುತ್ತಾ ಬಂದಿದ್ದೀಯ ಎಂದು ಚಿಕ್ಕಮ್ಮ ಹೇಳಿದರು. ಖಾತೆ ಬದಲಿಸುವುದು ಎಂದರೆ ಚಿಕ್ಕಪ್ಪ ಇಲ್ಲ ಎಂದು ಇನ್ನೊಮ್ಮೆ ಒಪ್ಪಿಕೊಂಡ ಹಾಗೆ ಎಂಬ ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ಪುಟ್ಟಿ. ಆದರೂ ಮಾಡಿಸಬೇಕು. ಆ ಹೊಲದಲ್ಲಿ ನೀರು ಹರಿಯುವುದನ್ನು ನೋಡಬೇಕೆಂದು ಚಿಕ್ಕಪ್ಪನಿಗೂ ಆಸೆಯಿತ್ತು.

ಪಂಪಿನ ಬಗ್ಗೆ ನಿನಗೆ ಹೇಳಬೇಕಾದವು ಕೆಲವಿವೆ. 5 ಎಚ್‌ಪಿ ಪಂಪಿಗೆ 4.8 ಕಿಲೋವ್ಯಾಟಿನ ಪ್ಯಾನೆಲ್ ಬೇಕು, ಈಗಿನ ದೊಡ್ಡ ಪ್ಯಾನೆಲ್ಲುಗಳಾದರೆ ಒಂಬತ್ತು. ಪ್ಯಾನೆಲ್ಲಿನ ಕರೆಂಟನ್ನು ಮೋಟರಿಗೆ ಒಗ್ಗಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆಯೊಂದು ಇರುತ್ತದೆ. ಬಿಸಿಲು ಏರಿದ ಹಾಗೆ ಅದು ಮೋಟರಿನ ವೇಗ ಏರಿಸುತ್ತದೆ, ಮೋಡ ಕವಿದರೆ ಇಳಿಸುತ್ತದೆ. ಮೆಲ್ಲಗೆ ಏಳುವ ಮೋಟರಾದ್ದರಿಂದ ಮೊದಲ ಹೊಡೆತಕ್ಕೆ ಸುಡುವ ಭಯವಿಲ್ಲ. ಬೆಳಿಗ್ಗೆ ನಿಧಾನವಾಗಿ ಶುರುವಾಗಿ ಹತ್ತರಿಂದ ಮೂರರವರೆಗೆ ಜೋರು ನೀರು, ಆಮೇಲೆ ಮತ್ತೆ ಇಳಿಕೆ. ಬೆಳೆಗೆ ಬಾಯಾರುವ ಬೇಸಿಗೆಯಲ್ಲೇ ಬಿಸಿಲೂ ಹೆಚ್ಚು. ಮೋಡದ ತಿಂಗಳಲ್ಲಿ ನೀರು ಕಡಿಮೆಯಾದರೂ ಸಾಮಾನ್ಯವಾಗಿ ಮಳೆ ಇರುತ್ತದೆ.

ಪ್ಯಾನೆಲ್ ನಿಲ್ಲಿಸುವ ಜಾಗವನ್ನು ನೀನೇ ನಿಂತು ಆರಿಸು. ಕೆರೆಯಾಚೆ ಹೊಲದ ದಕ್ಷಿಣದ ಬದುವಿನಲ್ಲಿ ಸಾಲು ತೆಂಗಿದೆ. ಬೋರಿನ ಪಕ್ಕವೇ ನಿಲ್ಲಿಸಿದರೆ ಕೇಬಲ್ಲು ಉಳಿಯುತ್ತದೆಂದು ಬಂದವರು ಹೇಳಬಹುದು, ತೆಂಗಿನ ನೆರಳು ಅಲ್ಲಿಗೆ ಬೀಳುವುದಾದರೆ ಒಪ್ಪಬೇಡ. ಪ್ಯಾನೆಲ್ಲುಗಳನ್ನು ಒಂದಕ್ಕೊಂದು ಸರಪಳಿಯಾಗಿ ಜೋಡಿಸಿರುತ್ತಾರೆ. ಒಂದು ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ಲಿನ ಮೂಲೆಯ ಮೇಲೆ ಬಿದ್ದರೂ ಆ ಸರಪಳಿಯ ಬಲ ಕುಗ್ಗುತ್ತದೆ. ಬಿಸಿಲು ಚುರುಗುಟ್ಟುತ್ತಿದ್ದರೂ ನೀರು ಸಣ್ಣಗೆ ಬರುತ್ತಿದೆ ಎಂದು ಎಷ್ಟೋ ಜನ ಮೋಟರನ್ನು ಬಿಚ್ಚಿಸುತ್ತಾರೆ, ತಪ್ಪು ಇರುವುದು ನೆರಳಿನಲ್ಲಿ. ನೆರಳು ಉದ್ದಕ್ಕೆ ಬೀಳುವುದು ಡಿಸೆಂಬರಿನಲ್ಲಿ. ಆ ತಿಂಗಳ ನೆರಳು ಎಲ್ಲಿಯವರೆಗೆ ಬರುತ್ತದೋ ಅದಕ್ಕೂ ಆಚೆ ನಿಲ್ಲಿಸು.

ಧೂಳು ಕುಳಿತರೂ ಇದೇ ಕಥೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಒರೆಸು. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಹೊಯ್ಯಬೇಡ. ನಮ್ಮ ಸೀಮೆಯ ಬೋರಿನ ಗಡಸು ನೀರು ಆರಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಒಣ ಬಟ್ಟೆಯಲ್ಲಿ ಆಗಲೇ ಒರೆಸಿಬಿಡು. ಯೋಜನೆಯಲ್ಲಿ ಹಾಕಿದ ಪಂಪಿಗೆ 5 ವರ್ಷ ಕಂಪನಿಯೇ ನಿರ್ವಹಣೆ ಮಾಡಬೇಕು, ಆ ಕಾಗದವನ್ನು ಕೈಗೆ ಪಡೆದುಕೊ. ಕೇಬಲ್ ಕಳ್ಳರ ಕಾಟವಿರುವ ಕಡೆ ವಿಮೆಯ ವಿಚಾರವನ್ನೂ ಕೇಳು. ಪಂಪು ಬೇಡದ ದಿನಗಳಲ್ಲಿ ಅದೇ ಕರೆಂಟಿನಲ್ಲಿ ಮೇವು ಕತ್ತರಿಸುವ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ಓಡಿಸುವಂಥ ಕಂಟ್ರೋಲರುಗಳೂ ಇವೆ. ನಿನಗೆ ಸಿಗುವುದಾದರೆ ಬಿಡಬೇಡ, ಚಿಕ್ಕಮ್ಮ ಕುಡುಗೋಲು ಹಿಡಿದು ಮೇವು ಕುಯ್ದು ಕತ್ತರಿಸುವುದು ಅರ್ಧವಾದರೂ ತಪ್ಪಲಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕುಸುಮ್ ಹೆಸರಿನಲ್ಲಿ ಸುಳ್ಳು ಜಾಲತಾಣಗಳಿವೆ. ನೋಂದಣಿ ಶುಲ್ಕ ಕಟ್ಟಿ, ಪಂಪು ಮನೆಗೆ ಬರುತ್ತದೆ ಎಂದು ಫೋನು ಮಾಡುತ್ತಾರೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ಯಾರೇ ಫೋನಿನಲ್ಲಿ ದುಡ್ಡು ಕೇಳಿದರೂ, ಎಷ್ಟೇ ನಯವಾಗಿ "ಮೇಡಂ" ಎಂದರೂ ಕೊಡಬೇಡ. ನೀನು ಬಲು ಬೇಗ ನಂಬುತ್ತೀಯ. ಜಾತ್ರೆಯಲ್ಲಿ ಗಿಣಿ ಶಾಸ್ತ್ರದವನು ಹೇಳಿದ್ದನ್ನು ವಾರವಿಡೀ ನಂಬಿಕೊಂಡು ಓಡಾಡಿದವಳು ನೀನು.

ಈಗ ನನ್ನ ನಿಜವಾದ ಚಿಂತೆ ಹೇಳುತ್ತೇನೆ. ಅದು ನೀರಿನದು. ರಾತ್ರಿ ಕರೆಂಟಿಗೆ ಏಳು ತಾಸಿನ ಕಟ್ಟಾದರೂ ಇತ್ತು. ಬಿಸಿಲಿಗೆ ಅದೂ ಇಲ್ಲ, ವರ್ಷವಿಡೀ ಓಡಿಸಬಹುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಲವು ತಾಲ್ಲೂಕುಗಳು ಅಂತರ್ಜಲವನ್ನು ಅತಿಯಾಗಿ ಎತ್ತಿದ ಪಟ್ಟಿಯಲ್ಲಿವೆ. ನೆಲದೊಳಗಿನ ನೀರು ಪಾಲಾಗದ ಆಸ್ತಿಯಿದ್ದ ಹಾಗೆ, ಒಬ್ಬರು ಹೆಚ್ಚು ತೆಗೆದರೆ ಉಳಿದವರ ಪಾಲಿನದೂ ಹೋಗುತ್ತದೆ. ನಿನ್ನ ಬೋರು ಹಗಲೆಲ್ಲ ಓಡಿದರೆ ಪಕ್ಕದ ಹೊಲದ ಅಜ್ಜನ ತೆರೆದ ಬಾವಿ ಮೊದಲು ಬತ್ತುತ್ತದೆ.

ಇದಕ್ಕೆ ಬುದ್ಧಿವಂತ ದಾರಿಯನ್ನು ಹುಡುಕಿದವರಿದ್ದಾರೆ. 2014ರಲ್ಲಿ ಬಂದ ನಮ್ಮ ರಾಜ್ಯದ ಸೂರ್ಯ ರೈತ ಯೋಜನೆಯಲ್ಲಿ ಕನಕಪುರದ ಹಾರೋಬೆಲೆ ಕಡೆ, ಬೇಕಾದಷ್ಟು ನೀರೆತ್ತಿ ಉಳಿದ ಕರೆಂಟನ್ನು ಬೆಸ್ಕಾಂಗೆ ಮಾರುವ ಏರ್ಪಾಡನ್ನು ಆರಂಭಿಸಿದರು. ಗುಜರಾತಿನ ಖೇಡಾ ಜಿಲ್ಲೆಯ ಢುಂಢಿಯಲ್ಲಿ 2016ರಲ್ಲಿ ಆರು ಜನ ರೈತರು ಸಹಕಾರ ಸಂಘ ಕಟ್ಟಿಕೊಂಡು ಇದನ್ನೇ ಮಾಡಿದರು. ಎತ್ತದ ನೀರಿಗೂ ದುಡ್ಡು ಬರುತ್ತದೆ ಎಂದಾಗ ಯಾರು ಸುಮ್ಮನೆ ಕಾಲುವೆಗೆ ಹರಿಸುತ್ತಾರೆ ಹೇಳು! ಸರ್ಕಾರ ಕೊಡುವ ನೆರವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಎಲ್ಲ ಕಡೆ ಹೀಗೆ ಬರಬೇಕೆಂದು ನಾವು ಕೇಳಬೇಕು. ಆದರೆ ಕೆರೆಯಾಚೆಯ ನಿನ್ನ ಪಂಪಿಗೆ ಗ್ರಿಡ್ಡೇ ಇಲ್ಲ, ಮಾರುವ ದಾರಿಯಿಲ್ಲ. ಅಲ್ಲಿ ಕಟ್ಟು ಹಾಕಬೇಕಾದವಳು ನೀನೇ.

ಅದಕ್ಕೇ ಡ್ರಿಪ್ಪು ಮೊದಲು ಎನ್ನುತ್ತೇನೆ. ನಮ್ಮ ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ ಹನಿ ನೀರಾವರಿಗೆ ಶೇ 90ರವರೆಗೆ ಸಹಾಯಧನವಿದೆ, ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಕೇಳು. ಕೃಷಿ ಭಾಗ್ಯದಲ್ಲಿ ಕೃಷಿ ಹೊಂಡಕ್ಕೂ ನೆರವಿದೆ. ಹೊಂಡವಿದ್ದರೆ ಮಳೆ ನೀರು ನಿಲ್ಲುತ್ತದೆ, ಬೋರಿನ ಮೇಲಿನ ಭಾರ ಇಳಿಯುತ್ತದೆ. ಪಂಪು ಬಂತೆಂದು ಅಡಿಕೆ ಇಡುತ್ತೇನೆ ಎಂದು ಮಾತ್ರ ಹೊರಡಬೇಡ. ಊರಿನವರೆಲ್ಲ ಇಡುತ್ತಿದ್ದಾರೆ, ಗೊತ್ತು. ಕಡಲೆಕಾಯಿ, ರಾಗಿ, ತೊಗರಿ, ಬದಿಗಿಷ್ಟು ಕನಕಾಂಬರ, ಆ ಹೊಲದ ನೀರಿಗೆ ಅಷ್ಟು ಸಾಕು.

ಹೊಲವೇ ತನ್ನ ಶಕ್ತಿಯನ್ನು ಹುಟ್ಟಿಸಿಕೊಳ್ಳುವುದು ನಮ್ಮ ಕಡೆಗೆ ಹೊಸದೇನಲ್ಲ ಕಣೇ. ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ 1987ರಲ್ಲೇ ಸಗಣಿ ಗ್ಯಾಸಿನಿಂದ ಇಂಜಿನ್ ಓಡಿಸಿ, ಕರೆಂಟು ಹುಟ್ಟಿಸಿ, ಕುಡಿಯುವ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ಊರಿನವರ ಜೊತೆ ಸೇರಿ ಮಾಡಿದ ಕೆಲಸ ಅದು. ಮನೆ ಮನೆಯ ಸಗಣಿ ಅಳೆದು ತೆಗೆದುಕೊಂಡು ಗ್ಯಾಸು ಹೋದ ಮೇಲಿನ ಬಗ್ಗಡವನ್ನು ಗೊಬ್ಬರವಾಗಿ ಹಿಂದಿರುಗಿಸುತ್ತಿದ್ದರು. ನಿಮ್ಮ ಕೊಟ್ಟಿಗೆಯಲ್ಲಿ ಈಗ ಇರುವ ಹಸುಗಳಿಗೆ ಒಂದು ಸಣ್ಣ ಗೋಬರ್ ಗ್ಯಾಸು ಸಲೀಸಾಗಿ ನಡೆಯುತ್ತದೆ. ಅದಕ್ಕೂ ಸಹಾಯಧನವಿದೆ. ಆದರೆ ಎಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡ, ನಿನ್ನ ಸ್ವಭಾವ ನನಗೆ ಗೊತ್ತು.

ಫೀಡರಿಗೆ ಸೋಲಾರ್ ಬರುವವರೆಗೆ ತೋಟಕ್ಕೆ ರಾತ್ರಿ ಹೋಗುವುದು ತಪ್ಪುವುದಿಲ್ಲ. ಬೂಟು ಹಾಕಿಕೊಂಡು ಹೋಗು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡ, ಆಟೋ ಸ್ಟಾರ್ಟರನ್ನು ತೆಗೆದು ಅಕ್ಕಪಕ್ಕದವರ ಜೊತೆ ಸರದಿ ಮಾಡಿಕೊಂಡರೆ ಟಿ.ಸಿ.ಯೂ ಉಳಿಯುತ್ತದೆ. ಸರದಿಯ ಮಾತು ಎತ್ತಲು ನಿನಗೆ ಸಂಕೋಚವಾದರೆ ಚಿಕ್ಕಮ್ಮನನ್ನು ಮುಂದೆ ಬಿಡು, ಅವರ ಮಾತನ್ನು ಊರಿನಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ಹಗಲು ಹೊತ್ತು ದುಡಿದು ರಾತ್ರಿ ಮಲಗುವುದು ದೊಡ್ಡ ಆಸೆಯಲ್ಲ ತಂಗೀ. ಬೇರೆ ಬಹಳಷ್ಟು ಕೆಲಸದವರಿಗೆ ಅದು ಸಿಕ್ಕಿದೆ, ರೈತರಿಗೂ ಸಿಗಬೇಕು. ಸರ್ಕಾರದ ದುಡ್ಡು ಅದಕ್ಕೆ ಖರ್ಚಾದರೆ ಸರಿಯಾದ ಕಡೆ ಖರ್ಚಾಯಿತು ಎಂದೇ ನಾನು ಹೇಳುವುದು. ಕೇಳಿ ಪಡೆದುಕೊ, ನಾಚಿಕೆ ಪಡಬೇಡ.

ಮೊದಲು ಪೌತಿ ಖಾತೆ, ಆಮೇಲೆ ಡ್ರಿಪ್ಪಿನ ಅರ್ಜಿ, ಅದರ ಹಿಂದೆಯೇ ಪಂಪಿನ ಅರ್ಜಿ. ಮುಂದಿನ ಬೇಸಿಗೆಯ ಹೊತ್ತಿಗೆ ಕೆರೆಯಾಚೆ ನೀರು ಬರಬೇಕಾದರೆ ಈಗಲೇ ಓಡಾಡಬೇಕು. ನಾಡಕಚೇರಿಗೆ ಹೋಗುವ ದಿನ ನನಗೆ ತಿಳಿಸು, ನಾನೂ ಬಸ್ಸು ಹತ್ತಿ ಬರುತ್ತೇನೆ.

ನಿನ್ನ ಅಕ್ಕ